ಬುನ್ಸೆನ್ ಬರ್ನರ್ ಕಂಡುಹಿಡಿದದ್ದು ಬುನ್ಸೆನ್ ಅವರೇ?

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ದಿನವೂ ಕಿವಿಗೆ ಬೀಳುವ ವಿಜ್ಞಾನಿಯ ಹೆಸರು ಯಾವುದು? ನ್ಯೂಟನ್ ಅಲ್ಲ, ಬಹುಶಃ ಬುನ್ಸೆನ್. ಆ ಬರ್ನರ್ ಅವರದೇ ಆವಿಷ್ಕಾರ ಎಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಅದು ಪೂರ್ತಿ ನಿಜವಲ್ಲ. ಅದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವ ಸಂಗತಿ ಇನ್ನೊಂದಿದೆ: ಅವರಿಗೆ ಬಲಗಣ್ಣು ಕಾಣುತ್ತಿರಲಿಲ್ಲ. ಅದು ಹೋದದ್ದು ಪ್ರಯೋಗ ಮಾಡುವಾಗಲೇ.

ರಾಬರ್ಟ್ ಬುನ್ಸೆನ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಗಾಟಿಂಗೆನ್ ಊರಿನಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಮಗ ಇಪ್ಪತ್ತರ ಆಸುಪಾಸಿನಲ್ಲೇ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. 1834ರಲ್ಲಿ ಅವರು ಬರ್ತೋಲ್ಡ್ ಎಂಬ ವೈದ್ಯರ ಜೊತೆ ಸೇರಿ ಆರ್ಸೆನಿಕ್ ವಿಷಕ್ಕೆ ಒಂದು ಮದ್ದು ಕಂಡುಕೊಂಡರು. ಆಗಷ್ಟೇ ತಯಾರಿಸಿದ ಕಬ್ಬಿಣದ ಹೈಡ್ರಾಕ್ಸೈಡ್ ಹೊಟ್ಟೆಯೊಳಗಿನ ಆರ್ಸೆನಿಕ್ಕನ್ನು ಹಿಡಿದಿಟ್ಟು, ಅದು ರಕ್ತಕ್ಕೆ ಸೇರದಂತೆ ತಡೆಯುತ್ತದೆ.

ಮುಂದೆ ಅವರು ಕೈಹಾಕಿದ್ದು ಆರ್ಸೆನಿಕ್ಕಿನ ಸಂಯುಕ್ತಗಳಿಗೇ. ಕ್ಯಾಕೋಡಿಲ್ ಎಂಬ ಆ ಗುಂಪಿನ ಹೆಸರಿನಲ್ಲೇ ಗ್ರೀಕ್ ಭಾಷೆಯ 'ದುರ್ವಾಸನೆ' ಇದೆ. ವಾಸನೆಯಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಇವುಗಳಲ್ಲಿ ಕೆಲವು ಗಾಳಿ ತಾಕಿದರೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಆವಿ ಕುಡಿದರೆ ಕೈಕಾಲು ಜುಮ್ಮೆನ್ನುತ್ತದೆ, ತಲೆ ಸುತ್ತುತ್ತದೆ. ಬುನ್ಸೆನ್ ವರ್ಷಗಟ್ಟಲೆ ಇದರ ಜೊತೆಯೇ ಕೆಲಸ ಮಾಡಿದರು. ಒಂದು ದಿನ ಕ್ಯಾಕೋಡಿಲ್ ಸಯನೈಡ್ ಸ್ಫೋಟಿಸಿತು. ಗಾಜಿನ ಚೂರು ಬಲಗಣ್ಣಿಗೆ ನುಗ್ಗಿತು. ಒಳಗೆ ಹೋದ ಆರ್ಸೆನಿಕ್ ಅವರನ್ನು ಸಾವಿನ ಅಂಚಿಗೆ ಒಯ್ದಿತು.

ತಾವೇ ಕಂಡುಹಿಡಿದ ಮದ್ದು ಅವರ ಜೀವ ಉಳಿಸಿತು ಎಂಬ ಕಥೆ ಬಹಳ ಕಡೆ ಸಿಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಆ ಮದ್ದು ಕೆಲಸ ಮಾಡುವುದು ನುಂಗಿದ ವಿಷದ ಮೇಲೆ. ಉಸಿರಿನಲ್ಲಿ ಹೋದದ್ದಕ್ಕೆ ಅದು ಹೇಗೆ ನೆರವಾದೀತು? ಹಾಗಾಗಿ ಈ ಕಥೆಗೆ ನಾವು ಹೆಚ್ಚು ತೂಕ ಕೊಡುವುದಿಲ್ಲ.

ಆರ್ಸೆನಿಕ್ಕಿನ ಸಂಯುಕ್ತಗಳ ಸೀಸೆಯ ಮೇಲೆ ಇವತ್ತು ತಲೆಬುರುಡೆ-ಮೂಳೆಯ ಚಿತ್ರ ಇರುತ್ತದೆ. ತಾನಾಗಿಯೇ ಹೊತ್ತಿಕೊಳ್ಳುವಂಥದ್ದಾದರೆ ಜೊತೆಗೆ ಬೆಂಕಿಯ ಚಿತ್ರವೂ ಇರುತ್ತದೆ. ಬುನ್ಸೆನ್ ಕಾಲದಲ್ಲಿ ಇಂಥ ಸಾಮಾನ್ಯ ಚಿಹ್ನೆಗಳಿರಲಿಲ್ಲ. ಬಿಳಿ ಹಿನ್ನೆಲೆ, ಕೆಂಪು ಅಂಚು, ವಜ್ರದಾಕೃತಿಯ ಈಗಿನ ಒಂಬತ್ತು ಚಿಹ್ನೆಗಳ ವ್ಯವಸ್ಥೆಯನ್ನು ವಿಶ್ವಸಂಸ್ಥೆ ಪ್ರಕಟಿಸಿದ್ದು 2003ರಲ್ಲಿ. ಇವುಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ಬೆಂಕಿಯ ಎರಡು ಚಿತ್ರಗಳು. ಬರೀ ಜ್ವಾಲೆ ಇದ್ದರೆ ಆ ವಸ್ತು ತಾನೇ ಉರಿಯುತ್ತದೆ. ವೃತ್ತದ ಮೇಲೆ ಜ್ವಾಲೆ ಇದ್ದರೆ ಬೇರೆಯದರ ಉರಿಯನ್ನು ಹೆಚ್ಚಿಸುತ್ತದೆ. ಶಾಲೆಯ ಕಪಾಟಿನಲ್ಲಿರುವ ಪೊಟ್ಯಾಸಿಯಂ ಪರ್ಮಾಂಗನೇಟ್ ಈ ಎರಡನೇ ಬಗೆಯದು. ಅದನ್ನು ಸ್ಪಿರಿಟ್ ಪಕ್ಕದಲ್ಲಿ ಇಡಬಾರದು.

ಬುನ್ಸೆನ್ ಆಮೇಲೆ ಇಂಗಾಲದ ಕಂಬಿ ಬಳಸಿ ಅಗ್ಗದ ಬ್ಯಾಟರಿ ಮಾಡಿದರು, ಐಸ್‌ಲ್ಯಾಂಡಿಗೆ ಹೋಗಿ ಬಿಸಿನೀರಿನ ಬುಗ್ಗೆಗಳ ಉಷ್ಣತೆ ಅಳೆದರು. 1852ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಹೊಸ ಪ್ರಯೋಗಾಲಯ ಕಟ್ಟುವಾಗ ಊರಿಗೆ ಗ್ಯಾಸ್ ಬಂದಿತ್ತು. ಹಳೆಯ ಗ್ಯಾಸ್ ದೀಪಗಳು ಹಳದಿಯಾಗಿ, ಮಸಿ ಕಾರುತ್ತಾ ಉರಿಯುತ್ತಿದ್ದವು. ಉರಿಯುವ ಮೊದಲೇ ಗ್ಯಾಸಿಗೆ ಗಾಳಿ ಬೆರೆಸಿದರೆ ಮಸಿಯಿಲ್ಲದ ಬಿಸಿ ಜ್ವಾಲೆ ಸಿಗುತ್ತದೆ ಎಂಬುದು ಬುನ್ಸೆನ್ ಅವರ ಲೆಕ್ಕ. ಅದನ್ನು ಲೋಹದಲ್ಲಿ ಮಾಡಿಕೊಟ್ಟವರು ವಿಶ್ವವಿದ್ಯಾಲಯದ ಉಪಕರಣ ತಯಾರಕ ಪೀಟರ್ ಡೆಸಾಗಾ. ಅವರಿಗೂ ಮೊದಲು ಮೈಕೆಲ್ ಫ್ಯಾರಡೆ ಗ್ಯಾಸಿಗೆ ಗಾಳಿ ಬೆರೆಸುವ ಬರ್ನರ್ ಬಗ್ಗೆ ಬರೆದಿದ್ದರು. ಬುನ್ಸೆನ್ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಹೆಸರು ಮಾತ್ರ ಅವರದೇ ಉಳಿಯಿತು.

ಬರ್ನರ್ ಹಚ್ಚುವಾಗ ಗಾಳಿಯ ತೂತು ಮುಚ್ಚಿ ಎಂದು ಮೇಷ್ಟ್ರು ಹೇಳುವುದಕ್ಕೂ ಕಾರಣವಿದೆ. ತೂತು ತೆರೆದಿದ್ದರೆ ಜ್ವಾಲೆ ಕೊಳವೆಯೊಳಗೇ ಇಳಿದು ಉರಿಯಬಹುದು, ಆಗ ಕೊಳವೆ ಕೈ ಸುಡುವಷ್ಟು ಕಾಯುತ್ತದೆ. ನೀಲಿ ಜ್ವಾಲೆ ಬೆಳಕಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಕೆಲಸವಿಲ್ಲದಾಗ ಹಳದಿಯಾಗಿ ಇಡುವುದು ಅದಕ್ಕೇ.

ಬಣ್ಣವೇ ಇಲ್ಲದಂತಿದ್ದ ಈ ಜ್ವಾಲೆಗೆ ಲವಣ ಹಿಡಿದರೆ ಅದರ ಬಣ್ಣ ಸ್ಪಷ್ಟವಾಗಿ ಕಾಣುತ್ತಿತ್ತು. ಬುನ್ಸೆನ್ ಮತ್ತು ಭೌತವಿಜ್ಞಾನಿ ಕಿರ್ಕಾಫ್ ಆ ಬೆಳಕನ್ನು ಪಟ್ಟಕದಿಂದ ಒಡೆದು ನೋಡಿ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಧಾತುಗಳನ್ನು ಕಂಡುಹಿಡಿದರು. ಬುನ್ಸೆನ್ ತೀರಿಕೊಂಡದ್ದು 1899ರಲ್ಲಿ, 88ನೇ ವಯಸ್ಸಿನಲ್ಲಿ.

ನಮ್ಮ ಪಠ್ಯಗಳ ಜ್ವಾಲಾ ಪರೀಕ್ಷೆಯ ಬೇರು ಇಲ್ಲಿದೆ. ಅದರ ಒಂದು ಅಪಾಯಕಾರಿ ರೂಪ 'ಕಾಮನಬಿಲ್ಲು ಪ್ರಯೋಗ': ಬಟ್ಟಲುಗಳಲ್ಲಿ ಲವಣಕ್ಕೆ ಮೆಥನಾಲ್ ಸುರಿದು ಬೆಂಕಿ ಹಚ್ಚುವುದು. ಉರಿ ಕುಂದಿದಾಗ ದೊಡ್ಡ ಬಾಟಲಿಯಿಂದ ಮತ್ತೆ ಸುರಿದರೆ, ಕಣ್ಣಿಗೆ ಕಾಣದ ಆವಿಯ ಮೂಲಕ ಬೆಂಕಿ ಬಾಟಲಿಯೊಳಗೆ ಹೋಗಿ, ಎದುರಿಗೆ ಕೂತ ಮಕ್ಕಳ ಕಡೆಗೆ ಚಿಮ್ಮುತ್ತದೆ. ಅಮೆರಿಕದಲ್ಲಿ ಹೀಗೆ ಹಲವು ಮಕ್ಕಳು ಸುಟ್ಟುಕೊಂಡ ಮೇಲೆ, ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿ 2014ರಲ್ಲಿ ಎಚ್ಚರಿಕೆ ಹೊರಡಿಸಿತು.

ಇದೇ ಬಣ್ಣಗಳನ್ನು ನೋಡಲು ಮೆಥನಾಲ್ ಬೇಕೇ ಇಲ್ಲ. ಮರದ ಕಡ್ಡಿಗಳನ್ನು ಹಿಂದಿನ ರಾತ್ರಿ ಲವಣದ ನೀರಿನಲ್ಲಿ ನೆನೆಸಿಡಿ. ಮರುದಿನ ಕನ್ನಡಕ ಹಾಕಿಕೊಂಡು, ಒಂದೊಂದನ್ನೇ ಬರ್ನರ್‌ನ ನೀಲಿ ಜ್ವಾಲೆಯಲ್ಲಿ ಹಿಡಿಯಿರಿ. ತಾಮ್ರಕ್ಕೆ ಹಸಿರು, ಸ್ಟ್ರಾನ್ಷಿಯಂಗೆ ಕೆಂಪು, ಅಡುಗೆ ಉಪ್ಪಿಗೆ ಹಳದಿ. ಕಡ್ಡಿ ಅದ್ದಿ ಆರಿಸಲು ಪಕ್ಕದಲ್ಲಿ ಒಂದು ಬೀಕರ್ ನೀರಿರಲಿ.