ಆಲ್ಪ್ಸ್ ಪರ್ವತದಲ್ಲಿ ಸ್ವಾಮಿ ವಿವೇಕಾನಂದರು

ವಿವೇಕಾನಂದರ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಷಿಕಾಗೋ ನಗರದ ಆ ವೇದಿಕೆ, ಆ ಮುಂಡಾಸು, ಎದೆಯ ಮೇಲೆ ಕಟ್ಟಿದ ಆ ಕೈಗಳು. ಶಾಲೆಯ ಗೋಡೆಯ ಪಟದಿಂದ ಮೊದಲ್ಗೊಂಡು ಕ್ಯಾಲೆಂಡರಿನವರೆಗೆ ಎಲ್ಲೆಲ್ಲಿಯೂ ಅದೇ ಭಂಗಿ. ಆದರೆ ಇದೇ ಮಹಾಪುರುಷರು ಒಂದು ಬೇಸಗೆಯಲ್ಲಿ ಮೂವರು ಸ್ನೇಹಿತರೊಡನೆ ರಜಾ ಪ್ರವಾಸ ಹೊರಟು, ಬೆಲೂನು ಏರಿ, ಹೇಸರಗತ್ತೆಯ ಮೇಲೆ ಕುಳಿತು, ಹಿಮದ ಮೇಲೆ ಕಾಲು ಜಾರಿ, ಹೂ ಕಿತ್ತು ಕಾಗದದೊಳಗಿಟ್ಟು ಕಳುಹಿಸಿದ್ದುಂಟು. ಅವರ ಚರಿತ್ರೆಯನ್ನು ಬರೆಯುವವರು ಈ ಒಂದು ತಿಂಗಳನ್ನು ಸಾಮಾನ್ಯವಾಗಿ ಎರಡು ಪುಟಗಳಲ್ಲಿ ಮುಗಿಸಿಬಿಡುತ್ತಾರೆ. ನನಗೆ ಮಾತ್ರ ಆ ತಿಂಗಳು ಬಹಳ ಮುಖ್ಯವೆಂದು ತೋರುತ್ತದೆ.

ಪೂರ್ವಕಥೆ ವಾಚಕರಿಗೆಲ್ಲ ತಿಳಿದದ್ದೇ. 1863ರ ಜನವರಿ 12ರಂದು ಕಲ್ಕತ್ತೆಯಲ್ಲಿ ಹುಟ್ಟಿದ ನರೇಂದ್ರನಾಥ ದತ್ತ, ಶ್ರೀರಾಮಕೃಷ್ಣರ ಶಿಷ್ಯನಾಗಿ, 1886ರಲ್ಲಿ ಗುರುಗಳು ದೇಹತ್ಯಾಗ ಮಾಡಿದ ಮೇಲೆ ಸಂನ್ಯಾಸಿಯಾಗಿ ದೇಶವನ್ನೆಲ್ಲ ಸುತ್ತಿದರು. 1892ರಲ್ಲಿ ಬೆಳಗಾವಿಗೂ, ಬೆಂಗಳೂರಿಗೂ, ಮೈಸೂರಿಗೂ ಬಂದರು; ದಿವಾನ್ ಶೇಷಾದ್ರಿ ಅಯ್ಯರ್ ಅವರ ಅತಿಥಿಯಾಗಿದ್ದು, ಮಹಾರಾಜ ಚಾಮರಾಜೇಂದ್ರ ಒಡೆಯರ ಸ್ನೇಹವನ್ನು ಗಳಿಸಿದರು. ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದರಾಸಿನಲ್ಲಿ ಉಪಾಧ್ಯಾಯರಾಗಿದ್ದ ಅಳಸಿಂಗ ಪೆರುಮಾಳರು ಮನೆಮನೆ ತಿರುಗಿ ಹಣ ಕೂಡಿಸಿದ್ದರಿಂದ 1893ರಲ್ಲಿ ಅಮೆರಿಕೆಗೆ ಹಡಗು ಹತ್ತಿದರು.

ಅಲ್ಲಿಂದ ಮುಂದೆ ಮೂರು ವರ್ಷ ಅವರಿಗೆ ಬಿಡುವೆಂಬುದೇ ಇಲ್ಲ. ಊರಿಂದೂರಿಗೆ ರೈಲಿನಲ್ಲಿ ಪಯಣ, ದಿನಕ್ಕೊಂದು ಉಪನ್ಯಾಸ, ಉಪನ್ಯಾಸದ ಕೊನೆಗೆ ಪ್ರಶ್ನೆಗಳ ಸುರಿಮಳೆ. 1896ರ ವಸಂತದಲ್ಲಿ ಎರಡನೆಯ ಸಲ ಲಂಡನ್ನಿಗೆ ಬಂದಾಗಲೂ ಇದೇ ಕಥೆ. ಮೇ, ಜೂನ್ ತಿಂಗಳುಗಳಲ್ಲಿ ತರಗತಿಗಳು ಬಿಡುವಿಲ್ಲದೆ ನಡೆದುವು. ಶೀಘ್ರಲಿಪಿಕಾರ ಗುಡ್‌ವಿನ್ ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದನು. ಮೇ 28ರಂದು ಆಕ್ಸ್‌ಫರ್ಡಿಗೆ ಹೋಗಿ ವೃದ್ಧ ಪಂಡಿತ ಮ್ಯಾಕ್ಸ್ ಮುಲ್ಲರರನ್ನು ಕಂಡು ಬಂದರು. ಜುಲೈ ತಿಂಗಳ ಹೊತ್ತಿಗೆ ದೇಹ ಸೋತಿತ್ತು. ವಯಸ್ಸು ಇನ್ನೂ ಮೂವತ್ತಮೂರು. ಉಳಿದಿದ್ದುದು ಆರೇ ವರ್ಷ ಎಂಬುದು ಈಗ ನಮಗೆ ಗೊತ್ತು; ಅಂದು ಅವರ ಸುತ್ತ ಇದ್ದವರಿಗೆ ಗೊತ್ತಿರಲಿಲ್ಲ. ಆದರೂ ಈ ಮನುಷ್ಯನನ್ನು ಸ್ವಲ್ಪ ಕಾಲ ಎಲ್ಲಿಗಾದರೂ ಕರೆದೊಯ್ಯದಿದ್ದರೆ ಕೆಡುಕಾದೀತೆಂದು ಮೂವರು ಸ್ನೇಹಿತರು ಕಂಡುಕೊಂಡರು.

ಆ ಮೂವರ ಪರಿಚಯವನ್ನು ಹೇಳಲೇಬೇಕು. ಕ್ಯಾಪ್ಟನ್ ಸೆವಿಯರ್ ಸೈನ್ಯದಿಂದ ನಿವೃತ್ತರಾದವರು. ಹಿಂದೆ ಭಾರತದಲ್ಲಿಯೂ ಕೆಲವು ವರ್ಷ ಇದ್ದವರು. ಅವರ ಪತ್ನಿ ಷಾರ್ಲಟ್ ಸೆವಿಯರ್. ಇಬ್ಬರೂ ಮಧ್ಯವಯಸ್ಕರು. ಅನೇಕ ಮತಗಳಲ್ಲಿ, ಪಂಥಗಳಲ್ಲಿ ಶಾಂತಿಯನ್ನು ಹುಡುಕಿ ಬೇಸತ್ತಿದ್ದ ಈ ದಂಪತಿಗಳಿಗೆ ಸ್ವಾಮೀಜಿಯವರ ಒಂದೆರಡು ಉಪನ್ಯಾಸ ಕೇಳಿದೊಡನೆಯೇ ಹುಡುಕಾಟ ಮುಗಿಯಿತೆಂದು ಅನಿಸಿತು. ಸ್ವಾಮೀಜಿ ಆಕೆಯನ್ನು ಮೊದಲಿನಿಂದಲೂ ತಾಯಿಯೆಂದೇ ಕರೆದರು. ಮೂರನೆಯವರು ಕುಮಾರಿ ಹೆನ್ರಿಯೆಟಾ ಮುಲ್ಲರ್. ಸ್ಥಿತಿವಂತೆ, ವಿದ್ಯಾವಂತೆ, ಸ್ತ್ರೀಯರ ಹಕ್ಕುಗಳಿಗಾಗಿ ಹೋರಾಡಿ, 1888ರಲ್ಲಿ ಅದಕ್ಕಾಗಿಯೇ ಪತ್ರಿಕೆಯೊಂದನ್ನು ಹೊರಡಿಸಿದ್ದಾಕೆ. ಸ್ವಭಾವ ಮಾತ್ರ ಸ್ವಲ್ಪ ಬಿರುಸು.

ಜುಲೈ ಮಧ್ಯಭಾಗ ಕಳೆದ ಮೇಲೆ ನಾಲ್ವರೂ ಲಂಡನ್ನಿನಿಂದ ಹೊರಟರು. ಡೋವರಿನಲ್ಲಿ ಕಡಲು ದಾಟಿ, ಪ್ಯಾರಿಸಿನಲ್ಲಿ ಒಂದು ರಾತ್ರಿ ತಂಗಿ, ಸ್ವಿಟ್ಜರ್ಲೆಂಡಿನ ಜಿನೀವಾ ನಗರವನ್ನು ಸೇರಿದರು. ಆ ವರ್ಷ ಅಲ್ಲಿ ದೊಡ್ಡ ರಾಷ್ಟ್ರೀಯ ವಸ್ತುಪ್ರದರ್ಶನ ನಡೆಯುತ್ತಿತ್ತು. ಸ್ವಿಸ್ ಜನರ ಕೈಕೆಲಸ, ಮರದ ಕೆತ್ತನೆ, ಯಂತ್ರಗಳು ಇವನ್ನೆಲ್ಲ ಸ್ವಾಮೀಜಿ ಆಸಕ್ತಿಯಿಂದ ನೋಡಿದರು. ಆದರೆ ಅವರ ಕಣ್ಣನ್ನು ಸೆಳೆದದ್ದು ಹಗ್ಗ ಕಟ್ಟಿ ಮೇಲಕ್ಕೆ ಬಿಡುತ್ತಿದ್ದ ಒಂದು ಬೆಲೂನು. ಅದರಲ್ಲಿ ಏರಲೇಬೇಕೆಂದು ಚಿಕ್ಕ ಹುಡುಗರಂತೆ ಆತುರಪಟ್ಟರು. ಸೂರ್ಯಾಸ್ತದ ಹೊತ್ತಿಗೆ ಬೆಲೂನು ಮೇಲೇರಿತು. ಕೆಳಗೆ ಸರೋವರ, ಸುತ್ತಲೂ ಬಣ್ಣ ತಳೆದ ಗಿರಿಶಿಖರಗಳು. ಇಳಿದು ಬಂದ ಮೇಲೆ ಎಲ್ಲರೂ ಸೇರಿ ಒಂದು ಭಾವಚಿತ್ರ ತೆಗೆಸಿಕೊಂಡರು. ಪ್ರವಾಸ ಹೋದವರೆಲ್ಲ ಮಾಡುವುದು ಅದನ್ನೇ ಅಲ್ಲವೆ? ಷಿಯೋನ್ ದುರ್ಗವನ್ನೂ ನೋಡಿಕೊಂಡು ಅವರು ಪರ್ವತಗಳ ಕಡೆಗೆ ತಿರುಗಿದರು.

ಜಿನೀವಾದಿಂದ ನಲವತ್ತು ಮೈಲಿಗಳಾಚೆ ಫ್ರಾನ್ಸಿನ ಗಡಿಯೊಳಗೆ ಶಾಮನಿ ಎಂಬ ಊರು. ಅದರ ನೆತ್ತಿಯ ಮೇಲೆಯೇ ಮಾಂಟ್ ಬ್ಲಾಂಕ್ ಶಿಖರ. ಎತ್ತರ 15,700 ಅಡಿಗಳಿಗೂ ಹೆಚ್ಚು. ಹಿಮಾಲಯದಲ್ಲಿ ಬರಿಗಾಲಿನಲ್ಲಿ ಅಲೆದಿದ್ದ ಸ್ವಾಮೀಜಿಗೆ ವರ್ಷಗಟ್ಟಲೆ ಮಹಾನಗರಗಳ ಹೊಗೆಯಲ್ಲಿದ್ದ ಮೇಲೆ ಆ ಬಿಳಿಯ ಶಿಖರವನ್ನು ಕಂಡಾಗ ಮನೆಗೆ ಬಂದಂತೆ ಆಗಿರಬೇಕು. ಹತ್ತಿಯೇ ತೀರುವೆನೆಂದು ಹೊರಟರು. ನುರಿತ ಆರೋಹಿಗಳಿಗಲ್ಲದೆ ಅದು ಸಾಧ್ಯವಿಲ್ಲವೆಂದು ದಾರಿ ತೋರಿಸುವವರು ಹೇಳಿದರು. ದೂರದರ್ಶಕದಲ್ಲಿ ನೋಡಿದಾಗ ಆ ಕಡಿದಾದ ಹಿಮದ ಇಳಿಜಾರುಗಳು ಅವರಿಗೂ ಮನವರಿಕೆ ಮಾಡಿಕೊಟ್ಟುವು. ಆದರೆ ಹಿಮನದಿಯೊಂದನ್ನಾದರೂ ದಾಟದೆ ಹಿಂದಿರುಗುವುದಿಲ್ಲವೆಂದು ಹಟ ಹಿಡಿದರು.

ಅಲ್ಲಿಗೆ ಹತ್ತಿರದಲ್ಲಿಯೇ ಇರುವುದು ಮೇರ್ ದ ಗ್ಲಾಸ್. ಹಾಗೆಂದರೆ ಹಿಮದ ಕಡಲು. ಈಗ ಅದರ ಅಂಚಿನವರೆಗೆ ರೈಲು ಹೋಗುತ್ತದೆ. ಆಗ ಹೇಸರಗತ್ತೆಗಳೇ ಗತಿ. ಹೇಸರಗತ್ತೆಗಳ ಮೇಲೆ ಕುಳಿತು ಹೋಗಿ, ಇಳಿದು, ಬಿರುಕು ಬಿಟ್ಟ ಮಂಜುಗಡ್ಡೆಯ ಮೇಲೆ ನಡೆದರು. ಬಿರುಕುಗಳ ಆಳದಲ್ಲಿ ಹಸುರು ನೀಲಿ ಬಣ್ಣ. ದಾಟುವುದು ಹೇಗೋ ಆಯಿತು. ಆಚೆಯ ದಡದ ಕಡಿದಾದ ಏರಿನಲ್ಲಿ ಸ್ವಾಮೀಜಿಗೆ ತಲೆಸುತ್ತು ಬಂದಿತು. ಬೆಟ್ಟ ಹತ್ತುವಾಗ ಅವರಿಗೆ ಹಾಗೆ ಆದದ್ದು ಅದೇ ಮೊದಲು. ಕಾಲು ಹಲವು ಸಲ ಜಾರಿತು. ಮೇಲಿನ ಪುಟ್ಟ ಮನೆಯೊಂದನ್ನು ಮುಟ್ಟಿ ಬಿಸಿ ಕಾಫಿ ಕುಡಿದ ಮೇಲೆಯೇ ಅವರು ಸುಧಾರಿಸಿಕೊಂಡದ್ದು. ಇದನ್ನು ಓದುವಾಗ ನನಗೆ ನಗು ಬರಲಿಲ್ಲ. ಹಿಮಾಲಯದ ಪರಿವ್ರಾಜಕನ ದೇಹವನ್ನು ಉಪನ್ಯಾಸದ ಮಂಟಪಗಳು ಮೂರು ವರ್ಷಗಳಲ್ಲಿ ಎಷ್ಟು ಸವೆಸಿದ್ದುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಹಿಮದ ನಡುವೆ ಸ್ವಾಮೀಜಿಯ ಬಾಯಿಂದ ಮತ್ತೆ ಮತ್ತೆ ಬಂದ ಮಾತು ಒಂದೇ: ಹಿಮಾಲಯದಲ್ಲಿ ಒಂದು ಮಠ ಬೇಕು. ಕರ್ಮದಿಂದ ಬಳಲಿ ಬಂದವರು ಧ್ಯಾನದಲ್ಲಿ ಕಾಲ ಕಳೆಯುವ ತಾಣ. ಪೂರ್ವದ ಶಿಷ್ಯರೂ ಪಶ್ಚಿಮದ ಶಿಷ್ಯರೂ ಒಟ್ಟಿಗೆ ಬಾಳುವ ಮನೆ. ನೋಡಲು ಬಂದದ್ದು ಆಲ್ಪ್ಸ್, ನೆನೆದದ್ದು ಹಿಮಾಲಯ. ದಾರಿಯಲ್ಲಿ ಕಂಡ ರೈತರ ಬೆನ್ನಿನ ಮೇಲಿನ ಉದ್ದನೆಯ ಬುಟ್ಟಿಗಳು ಕೂಡ ಅವರಿಗೆ ನಮ್ಮ ಗುಡ್ಡಗಾಡಿನ ಜನರ ಬುಟ್ಟಿಗಳಂತೆಯೇ ಕಂಡುವು. ಮಾತು ಕೇಳಿದವರಲ್ಲಿ ಹೂಂಗುಟ್ಟಿ ಮರೆಯದೆ ಹೋದವರು ಸೆವಿಯರ್ ದಂಪತಿಗಳು.

ಸುತ್ತಾಟದ ನಡುವೆ ಎರಡು ವಾರ ಒಂದು ಹಳ್ಳಿಯಲ್ಲಿ ತಂಗಿದರು. ಆ ದಿನಗಳ ಕಾಗದಗಳು ವಾಲೇ ಪ್ರಾಂತದ ಸಾಸ್ ಕಣಿವೆಯಿಂದ ಹೊರಟವು. ಅಲ್ಲಿ ಉಪನ್ಯಾಸವಿಲ್ಲ, ಪ್ರಶ್ನೆಗಳಿಲ್ಲ. ಸ್ವಾಮೀಜಿ ಬಹಳ ನಡೆದರು, ಉಪನಿಷತ್ತನ್ನು ಓದಿದರು, ಗಂಟೆಗಟ್ಟಲೆ ಮೌನವಾಗಿರುತ್ತಿದ್ದರು. ಮಾಂಟೆ ರೋಸಾದ ಹಿಮನದಿಯವರೆಗೆ ಹೋಗಿ, ಮಂಜಿನ ನಡುವೆಯೇ ಬೆಳೆಯುವ ಗಟ್ಟಿ ಜೀವದ ಕೆಲವು ಹೂಗಳನ್ನು ಕಿತ್ತು ತಂದು, ಒಂದನ್ನು ಕಾಗದದಲ್ಲಿಟ್ಟು ಕಳುಹಿಸಿದರು. ಒಂದು ದಿನ ಉಪನಿಷತ್ತಿನ ಮಂತ್ರಗಳನ್ನು ಹೇಳಿಕೊಳ್ಳುತ್ತ ಸ್ನೇಹಿತರಿಂದ ಹಿಂದೆ ಬಿದ್ದರು. ಎಷ್ಟು ಹೊತ್ತಾದರೂ ಬಾರದಿರಲು ಇವರಿಗೆ ದಿಗಿಲಾಯಿತು. ಕೊನೆಗೆ ಬಂದವರು ಹೇಳಿದ ಸಂಗತಿ: ಊರಿದ ಕೋಲು ನೆಲದೊಳಕ್ಕೆ ಹೂತುಹೋಗಿ, ಅವರು ಪ್ರಪಾತಕ್ಕೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತ್ತು. ಅಂದಿನಿಂದ ಅವರನ್ನು ಒಂಟಿಯಾಗಿ ಬಿಡಕೂಡದೆಂದು ಮೂವರೂ ನಿಶ್ಚಯಿಸಿದರು.

ಬೆಟ್ಟದ ದಾರಿಯಲ್ಲಿ ಒಂದು ಪುಟ್ಟ ಪ್ರಾರ್ಥನಾಮಂದಿರ ಸಿಕ್ಕಿತು. ಸ್ವಾಮೀಜಿ ಕಾಡುಹೂಗಳನ್ನು ಆಯ್ದು ಶ್ರೀಮತಿ ಸೆವಿಯರ್ ಅವರ ಕೈಗೆ ಕೊಟ್ಟು, ಮಾತೆ ಮೇರಿಯ ಪಾದದಲ್ಲಿ ಇಡುವಂತೆ ಬೇಡಿಕೊಂಡರು. ತಾವೇ ಇಡಬಹುದಾಗಿತ್ತು. ಕ್ರೈಸ್ತನಲ್ಲದವನು ಇಟ್ಟನೆಂದು ಆ ಊರಿನವರ ಮನಸ್ಸಿಗೆ ನೋವಾದೀತೆಂದು ಹಿಂಜರಿದರು. ಸಾವಿರಾರು ಜನರ ಮುಂದೆ ಎಲ್ಲ ಮತಗಳೂ ಒಂದೇ ಕಡಲನ್ನು ಸೇರುವ ನದಿಗಳೆಂದು ಸಾರಿದವರು, ಯಾರೂ ನೋಡದ ಕಡೆಯಲ್ಲಿ ಹೀಗೆ ನಡೆದುಕೊಂಡರು.

ರಜೆಯೆಂದ ಮಾತ್ರಕ್ಕೆ ಟಪಾಲು ಬಿಡುವುದಿಲ್ಲ. ಆಗಸ್ಟ್ ತಿಂಗಳಲ್ಲಿ ಅಳಸಿಂಗರ ಕಾಗದ ಬಂದಿತು. ಮದರಾಸಿನ ‘ಬ್ರಹ್ಮವಾದಿನ್’ ಪತ್ರಿಕೆಗೆ ಹಣದ ಮುಗ್ಗಟ್ಟು. ಲಂಡನ್ನಿಗೆ ಹಿಂದಿರುಗಿದ ಮೇಲೆ ಏನಾದರೂ ಮಾಡುವೆನೆಂದು ಉತ್ತರ ಬರೆದರು. ಅದೇ ಊರಿನಿಂದ ಹೊಸದಾಗಿ ಹೊರಟಿದ್ದ ‘ಪ್ರಬುದ್ಧ ಭಾರತ’ದ ಬಗೆಗೆ ಡಾಕ್ಟರ್ ನಂಜುಂಡರಾಯರಿಗೆ ಬರೆಯುತ್ತ, ಪತ್ರಿಕೆಯನ್ನು ಮೆಚ್ಚಿದರೂ ಅದರ ಹೊದಿಕೆಯ ಚಿತ್ರ ಅತಿ ವಿಕಾರವಾಗಿದೆಯೆಂದೂ, ಸರಳವಾಗಿ ಸಾಂಕೇತಿಕವಾಗಿ ಇರಲಿಯೆಂದೂ ನಿರ್ದಾಕ್ಷಿಣ್ಯವಾಗಿ ತಿಳಿಸಿದರು. (ವಾರ್ಷಿಕ ಸಂಚಿಕೆಗಳ ಸಂಪಾದಕರು ಇದನ್ನು ಗಮನಿಸಬಹುದು.) ಇವೆಲ್ಲಕ್ಕಿಂತ ಮುಖ್ಯವಾದ ಕಾಗದ ಹೋದದ್ದು ಆಲ್ಮೋರದ ಲಾಲಾ ಬದರಿ ಸಾಹ್ ಅವರಿಗೆ. ಆಲ್ಮೋರದ ಹತ್ತಿರ ತೋಟವಿರುವ ಬಂಗಲೆ ಕ್ರಯಕ್ಕೋ ಬಾಡಿಗೆಗೋ ಸಿಕ್ಕೀತೆ, ಮಠ ಕಟ್ಟಲು ಒಂದು ಗುಡ್ಡ ದೊರೆತೀತೆ ಎಂದು ವಿಚಾರಿಸಿದ್ದರು. ಕನಸು ಹೀಗೆ ಬೆಲೆ ವಿಚಾರಿಸುವ ಮಟ್ಟಕ್ಕೆ ಇಳಿದಿತ್ತು.

ಉಳಿದ ಪ್ರವಾಸವನ್ನು ಬೇಗನೆ ಹೇಳಿಬಿಡಬಹುದು. ಜರ್ಮನಿಯ ಕೀಲ್ ನಗರದಿಂದ ವೇದಾಂತ ಪಂಡಿತ ಪಾಲ್ ಡಾಯ್ಸನ್ನರ ಆಹ್ವಾನ ಬಂದಿತ್ತು. ಲೂಸರ್ನ್ ಸರೋವರ, ರಿಗಿ ಬೆಟ್ಟ, ಷಾಫ್‌ಹೌಸನ್ನಿನಲ್ಲಿ ರೈನ್ ನದಿಯ ಜಲಪಾತ ಇವನ್ನು ನೋಡಿಕೊಂಡು, ಹೈಡಲ್‌ಬರ್ಗ್, ಕೊಲೋನ್, ಬರ್ಲಿನ್ ದಾರಿಯಾಗಿ ಕೀಲನ್ನು ಸೇರಿದರು. ಅತಿಥಿಗಳು ಇಷ್ಟು ಬೇಗ ಹೊರಟರೆಂದು ಡಾಯ್ಸನ್ನರಿಗೆ ಸಮಾಧಾನವಾಗಲಿಲ್ಲ. ಹ್ಯಾಂಬರ್ಗಿನಲ್ಲಿ ಇವರನ್ನು ಕೂಡಿಕೊಂಡು ಹಾಲೆಂಡಿನ ಮಾರ್ಗವಾಗಿ ತಾವೂ ಲಂಡನ್ನಿಗೆ ಬಂದರು. ಸೆಪ್ಟೆಂಬರ್ ಮಧ್ಯದಲ್ಲಿ ಸ್ವಾಮೀಜಿ ಮತ್ತೆ ತರಗತಿಗಳ ಮುಂದೆ ನಿಂತಿದ್ದರು.

1896ರ ಡಿಸೆಂಬರ್ 16ರಂದು ಸ್ವಾಮೀಜಿ ಲಂಡನ್ ಬಿಟ್ಟಾಗ ಸೆವಿಯರ್ ದಂಪತಿಗಳು ಜೊತೆಯಲ್ಲಿಯೇ ಹೊರಟರು. ಈ ಸಲ ಪ್ರವಾಸಕ್ಕಲ್ಲ, ಭಾರತದಲ್ಲಿ ನೆಲಸುವುದಕ್ಕೆ. ಕುಮಾರಿ ಮುಲ್ಲರರ ಮಾರ್ಗ ಬೇರೆಯಾಯಿತು. 1898ರಲ್ಲಿ ಬೇಲೂರು ಮಠದ ಭೂಮಿಗೆ ಹೆಚ್ಚಿನ ಹಣ ಕೊಟ್ಟಾಕೆ ಆಕೆಯೇ. ಆ ವರ್ಷದ ಕೊನೆಗೆ ಸ್ವಾಮೀಜಿಯವರನ್ನೂ ಅವರ ಕಾರ್ಯವನ್ನೂ ಬಿಟ್ಟುಹೋದಾಕೆಯೂ ಆಕೆಯೇ. ಇದನ್ನು ಮುಚ್ಚಿಟ್ಟು ಬರೆಯುವ ಚರಿತ್ರಕಾರರುಂಟು. ಕೊಟ್ಟದ್ದನ್ನು ಕೊಟ್ಟಿದ್ದರೆಂದೂ ಬಿಟ್ಟದ್ದನ್ನು ಬಿಟ್ಟರೆಂದೂ ಹೇಳಿದರೆ ಯಾರಿಗೂ ಅಗೌರವವಾಗದು.

ಸೆವಿಯರ್ ದಂಪತಿಗಳು ಆಲ್ಮೋರದ ಸುತ್ತ ಹುಡುಕಿ, ಮಾಯಾವತಿ ಎಂಬಲ್ಲಿ ದೇವದಾರು ಮರಗಳ ನಡುವೆ ಒಂದು ಚಹಾ ತೋಟವನ್ನು ಕಂಡರು. ಎತ್ತರ ಸುಮಾರು 6,400 ಅಡಿ. ಎದುರಿಗೆ ಹಿಮಾಲಯದ ಬಿಳಿಯ ಸಾಲು. 1899ರ ಮಾರ್ಚ್ 19ರಂದು ಅಲ್ಲಿ ಅದ್ವೈತಾಶ್ರಮ ಪ್ರಾರಂಭವಾಯಿತು. ಸ್ವಾಮೀಜಿಯವರ ಇಚ್ಛೆಯಂತೆ ಅಲ್ಲಿ ವಿಗ್ರಹವಿಲ್ಲ, ಬಾಹ್ಯಪೂಜೆಯಿಲ್ಲ. ಮದರಾಸಿನ ‘ಪ್ರಬುದ್ಧ ಭಾರತ’ವೂ ಆಲ್ಮೋರದ ಮೂಲಕ ಅಲ್ಲಿಗೇ ಬಂದು ಸೇರಿತು. ರೈಲು ನಿಲ್ದಾಣ ಅರವತ್ತೈದು ಮೈಲಿ ದೂರ, ವೈದ್ಯರಿಲ್ಲ, ಪೇಟೆಯಿಲ್ಲ. ಅಲ್ಲಿ ಒಂದೂವರೆ ವರ್ಷ ದುಡಿದ ಕ್ಯಾಪ್ಟನ್ ಸೆವಿಯರ್ 1900ರ ಅಕ್ಟೋಬರ್ 28ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಹಿಂದೂ ವಿಧಿಯಿಂದ ದಹನ ನಡೆಯಿತು.

ಸ್ವಾಮೀಜಿ ಆಗ ಎರಡನೆಯ ವಿದೇಶಯಾತ್ರೆಯಲ್ಲಿದ್ದರು. ಡಿಸೆಂಬರಿನಲ್ಲಿ ಹಿಂದಿರುಗಿದವರು, ಕಾಯಿಲೆಯ ದೇಹವನ್ನು ಲೆಕ್ಕಿಸದೆ, ನಡುಚಳಿಗಾಲದಲ್ಲಿ ಹಿಮ ಬೀಳುತ್ತಿದ್ದ ದಾರಿಯಲ್ಲಿ ಬೆಟ್ಟ ಹತ್ತಿ 1901ರ ಜನವರಿ 3ರಂದು ಮಾಯಾವತಿಯನ್ನು ಮುಟ್ಟಿದರು. ಆಶ್ರಮವನ್ನು ಅವರು ಕಣ್ಣಾರೆ ಕಂಡದ್ದು ಅದೊಂದೇ ಸಲ, ಹದಿನೈದು ದಿನ ಮಾತ್ರ. ತಾಯಿಯೆಂದು ಕರೆದಾಕೆಯನ್ನು ಸಂತೈಸಲು ಹೋದವರಿಗೆ ಆಕೆ ಧೈರ್ಯದಿಂದ ಮನೆಯನ್ನು ನಡೆಸುತ್ತಿರುವುದು ಕಂಡಿತು. ಅಲ್ಲಿನ ಕೊಳದ ದಡದಲ್ಲಿ ನಡೆದಾಡುತ್ತ, ಮುಂದೆ ಸಾರ್ವಜನಿಕ ಕೆಲಸಗಳನ್ನೆಲ್ಲ ಬಿಟ್ಟು ಇಲ್ಲಿಗೇ ಬಂದು, ಪುಸ್ತಕ ಬರೆಯುತ್ತ, ಈ ನೀರಿನ ಪಕ್ಕದಲ್ಲಿ ಮಗುವಿನಂತೆ ಸಿಳ್ಳು ಹಾಕಿಕೊಂಡು ಇದ್ದುಬಿಡುವೆನೆಂದು ಹೇಳಿದರಂತೆ. ಹಾಗೆ ಬರಲು ಅವಕಾಶವಾಗಲಿಲ್ಲ. 1902ರ ಜುಲೈ 4ರಂದು ಬೇಲೂರು ಮಠದಲ್ಲಿ ಅವರು ದೇಹ ಬಿಟ್ಟರು. ಶ್ರೀಮತಿ ಸೆವಿಯರ್ ಆಮೇಲೆಯೂ ಅನೇಕ ವರ್ಷ ಮಾಯಾವತಿಯ ಆ ಬೆಟ್ಟದ ಮೇಲೆಯೇ ಇದ್ದು, ಮುದುಪಿನಲ್ಲಿ ಇಂಗ್ಲೆಂಡಿಗೆ ಹಿಂದಿರುಗಿ, 1930ರಲ್ಲಿ ತೀರಿಕೊಂಡರು.