ಅಪೇರ್ ಅವರ ಬಾಟಲಿ, ನನ್ನ ಡಬ್ಬಿ

ಹೊಳಲ್ಕೆರೆಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಎಂಟನೇ ತರಗತಿಯ ಆಹಾರ ಸಂರಕ್ಷಣೆಯ ಪಾಠವನ್ನು ನಾನು ನಿಕೋಲಾ ಅಪೇರ್ ಅವರ ಜೀವನದಿಂದ ಆರಂಭಿಸಿದೆ. 1749ರಲ್ಲಿ ಫ್ರಾನ್ಸಿನಲ್ಲಿ ಜನಿಸಿದ ಅವರು ಮಿಠಾಯಿ ತಯಾರಕರು. ಆಹಾರವನ್ನು ಗಾಜಿನ ಬಾಟಲಿಗೆ ತುಂಬಿ, ಕಾರ್ಕ್ ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟರೆ ಬಹುಕಾಲ ಕೆಡುವುದಿಲ್ಲವೆಂದು ವರ್ಷಗಟ್ಟಲೆ ಪ್ರಯೋಗಿಸಿ ಕಂಡುಕೊಂಡರು. 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದು, ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದರು. ಕೆಡಲು ಸೂಕ್ಷ್ಮಜೀವಿಗಳು ಕಾರಣವೆಂದು ಪಾಶ್ಚರ್ ತೋರಿಸುವ ಮೊದಲೇ, 1841ರಲ್ಲಿ, ಬಡತನದಲ್ಲಿ ತೀರಿಕೊಂಡರು.

ಗಾಳಿ ನುಸುಳದೆಂದು ಅವರು ಗಾಜನ್ನು ಆರಿಸಿದ್ದರು. ಗಾಜು ಆಹಾರದೊಂದಿಗೆ ಅಷ್ಟಾಗಿ ವರ್ತಿಸುವುದೂ ಇಲ್ಲ. ಮುಂದೆ ಬಂದ ತವರದ ಡಬ್ಬಿಗಳ ಬೆಸುಗೆಯಲ್ಲಿದ್ದ ಸೀಸ ಆಹಾರಕ್ಕೂ ಇಳಿಯುತ್ತಿತ್ತು.

ಹಾಗಾದರೆ ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ತರಬಹುದೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ನನ್ನ ಊಟ ಅಂದು ಹಾಗೆಯೇ ಬಂದಿತ್ತು. ಶಾಖ, ಎಣ್ಣೆ, ಹುಳಿ ತಗುಲಿದಾಗ ಪ್ಲಾಸ್ಟಿಕ್ಕಿನ ರಾಸಾಯನಿಕಗಳು ಆಹಾರಕ್ಕೆ ಸೇರಬಹುದೆಂದೂ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ನಿಷೇಧಿಸಿತೆಂದೂ ವಿವರಿಸಿ, ನನ್ನ ಕವರನ್ನೂ ತೋರಿಸಿದೆ. ಮರುದಿನ ಸ್ಟೀಲ್ ಡಬ್ಬಿ ತಂದೆ. ಪಾಠಯೋಜನೆಯ ಮೌಲ್ಯಮಾಪನದಲ್ಲಿ ಈಗ ಅವಳ ಪ್ರಶ್ನೆಯೇ ಮೊದಲನೆಯದು.