ಇಮ್ಮಡಿ ವೀರಬಲ್ಲಾಳ

ಇಮ್ಮಡಿ ವೀರಬಲ್ಲಾಳ (ಆಳ್ವಿಕೆ: ಕ್ರಿ.ಶ. 1173–1220) ಹೊಯ್ಸಳ ವಂಶದ ಪ್ರಸಿದ್ಧ ದೊರೆಗಳಲ್ಲಿ ಒಬ್ಬನು. ಕಲ್ಯಾಣದ ಚಾಲುಕ್ಯರಿಗೆ ಅಧೀನವಾಗಿದ್ದ ಹೊಯ್ಸಳ ಸೀಮೆಯನ್ನು ಸಂಪೂರ್ಣ ಸ್ವತಂತ್ರ ರಾಜ್ಯವನ್ನಾಗಿ ಮಾಡಿದ ಕೀರ್ತಿ ಈತನಿಗೆ ಸಲ್ಲುತ್ತದೆ. ದೋರಸಮುದ್ರ (ಇಂದಿನ ಹಾಸನ ಜಿಲ್ಲೆಯ ಹಳೇಬೀಡು) ಈತನ ರಾಜಧಾನಿ. ಈತನ ದಿಗ್ವಿಜಯಗಳ ಪ್ರಮುಖ ಘಟ್ಟಗಳು ಇಂದಿನ ದಾವಣಗೆರೆ, ಹರಿಹರ ಹಾಗೂ ಹರಪನಹಳ್ಳಿ ಪರಿಸರವನ್ನು ಒಳಗೊಂಡಿದ್ದ ನೊಳಂಬವಾಡಿ ನಾಡಿನೊಂದಿಗೆ ಹೆಣೆದುಕೊಂಡಿವೆ. ಗಿರಿದುರ್ಗಮಲ್ಲ, ಶನಿವಾರಸಿದ್ಧಿ, ನಿಶ್ಶಂಕಪ್ರತಾಪ, ಹೊಯ್ಸಳ ಚಕ್ರವರ್ತಿ ಮೊದಲಾದವು ಈತನ ಬಿರುದುಗಳು.

ಹಿನ್ನೆಲೆ

ಹನ್ನೊಂದನೆಯ ಶತಮಾನದಲ್ಲಿ ಹೊಯ್ಸಳರು ಮಲೆನಾಡಿನ ಸೊಸೆಯೂರಿನಿಂದ ಹೊರಟು ಬೇಲೂರು ಮತ್ತು ದೋರಸಮುದ್ರಗಳಲ್ಲಿ ನೆಲೆನಿಂತ ಮಾಂಡಲಿಕರಾಗಿದ್ದರು. ಅಂದಿನ ಚಾಲುಕ್ಯ ಸಾಮ್ರಾಜ್ಯವು ಬನವಾಸಿ 12,000, ನೊಳಂಬವಾಡಿ 32,000, ಗಂಗವಾಡಿ 96,000 ಎಂಬಂತಹ ಸಂಖ್ಯಾಸೂಚಕ ಪ್ರಾಂತ್ಯಗಳನ್ನು ಒಳಗೊಂಡಿತ್ತು. ಇಂತಹ ಪ್ರಾಂತ್ಯಗಳನ್ನು ಆಳುತ್ತಿದ್ದ ಸಾಮಂತರು ಮಹಾಮಂಡಲೇಶ್ವರ ಎಂಬ ಪದವಿಯನ್ನು ಹೊಂದಿರುತ್ತಿದ್ದರು.

ಸಾಮಂತನ ಸ್ಥಾನಮಾನವನ್ನು ಶಾಸನಗಳ ರಚನೆಯಿಂದಲೇ ಗುರುತಿಸಬಹುದು. ಸಾಮಂತನು ಹೊರಡಿಸಿದ ಶಾಸನದಲ್ಲಿ ಮೊದಲು ಸಾರ್ವಭೌಮನ ಹೆಸರು ಮತ್ತು ಬಿರುದುಗಳು ಬರುತ್ತವೆ. ಬಳಿಕ ಆ ಚಕ್ರವರ್ತಿಯ ಪಾದಕಮಲಗಳನ್ನು ಆಶ್ರಯಿಸಿ ಬಾಳುವವನು ಎಂಬ ಅರ್ಥದ ತತ್ಪಾದಪದ್ಮೋಪಜೀವಿ ಎಂಬ ವಿಶೇಷಣದೊಡನೆ ಸಾಮಂತನ ಹೆಸರು ಬರುತ್ತದೆ. ಒಬ್ಬ ಅರಸನು ಈ ಭಾಗವನ್ನು ಕೈಬಿಟ್ಟು ತನ್ನ ಹೆಸರಿಗೇ ಸಾರ್ವಭೌಮ ಬಿರುದುಗಳನ್ನು ಸೇರಿಸಿಕೊಂಡರೆ, ಅದು ಸ್ವಾತಂತ್ರ್ಯದ ಘೋಷಣೆಯೇ ಆಗಿರುತ್ತಿತ್ತು.

ಬಲ್ಲಾಳನ ಅಜ್ಜನಾದ ವಿಷ್ಣುವರ್ಧನನು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದುಕೊಂಡನು. ನೊಳಂಬವಾಡಿಯನ್ನು ಜಯಿಸಿ, ನೊಳಂಬವಾಡಿಗೊಂಡ ಎಂಬ ಬಿರುದುಳ್ಳ ನಾಣ್ಯಗಳನ್ನು ಟಂಕಿಸಿದನು. 1118ರಲ್ಲಿ ಅವನ ದಂಡನಾಯಕ ಗಂಗರಾಜನು ಕನ್ನೆಗಾಲದಲ್ಲಿ ಚಾಲುಕ್ಯ ಸೇನೆಯ ಮೇಲೆ ಎರಗಿ ಅದನ್ನು ಸೋಲಿಸಿದನು. ಆದರೂ ಪ್ರಬಲ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಎದುರು ವಿಷ್ಣುವರ್ಧನನ ಸ್ವಾತಂತ್ರ್ಯದ ಪ್ರಯತ್ನ ಪೂರ್ಣವಾಗಿ ಕೈಗೂಡಲಿಲ್ಲ. ಆತ ಮತ್ತೆ ಚಾಲುಕ್ಯರ ಪರಮಾಧಿಕಾರವನ್ನು ಒಪ್ಪಬೇಕಾಯಿತು.

ಪಟ್ಟಾಭಿಷೇಕ

ಬಲ್ಲಾಳನು ಒಂದನೆಯ ನರಸಿಂಹ ಹಾಗೂ ಏಚಲದೇವಿಯರ ಮಗ. ನರಸಿಂಹನ ಕಾಲದಲ್ಲಿ ಹೊಯ್ಸಳ ರಾಜ್ಯದ ಬಲ ಕುಗ್ಗಿತ್ತು. ಕಳಚುರಿ ವಂಶದ ಬಿಜ್ಜಳನು ಕಲ್ಯಾಣದ ಅಧಿಕಾರವನ್ನು ತನ್ನ ವಶಕ್ಕೆ ತೆಗೆದುಕೊಂಡು, ವಿಷ್ಣುವರ್ಧನನು ಗೆದ್ದಿದ್ದ ಉತ್ತರದ ಪ್ರದೇಶಗಳ ಮೇಲೂ ಹಿಡಿತ ಸಾಧಿಸಿದ್ದನು. ಯುವರಾಜನಾಗಿದ್ದ ಬಲ್ಲಾಳನು ತಂದೆಯ ಆಡಳಿತದಿಂದ ಅತೃಪ್ತನಾಗಿ, ಚಂಗಾಳ್ವರು, ಕೊಂಗಾಳ್ವರು ಮೊದಲಾದ ಮಲೆನಾಡಿನ ನಾಯಕರನ್ನು ತನ್ನ ಕಡೆಗೆ ಒಲಿಸಿಕೊಂಡು ತಂದೆಯ ವಿರುದ್ಧವೇ ಬಂಡೆದ್ದನು. 1173ರ ಜುಲೈ 22ರಂದು ಆತನ ಪಟ್ಟಾಭಿಷೇಕ ನಡೆಯಿತು.

ಉಚ್ಚಂಗಿಯ ವಿಜಯ

ಆಳ್ವಿಕೆಯ ಮೊದಲ ದೊಡ್ಡ ಗೆಲುವು ಉಚ್ಚಂಗಿಯ ಪಾಂಡ್ಯರ ಮೇಲಿನದು. ತಮಿಳುನಾಡಿನ ಮಧುರೆಯ ಪಾಂಡ್ಯರಿಗಿಂತ ಭಿನ್ನರಾದ ಇವರು ಚಾಲುಕ್ಯರ ಸಾಮಂತರಾಗಿ ನೊಳಂಬವಾಡಿಯನ್ನು ಆಳುತ್ತಿದ್ದರು. ಇವರ ಬಲವೆಲ್ಲ ದಾವಣಗೆರೆಯ ಉತ್ತರಕ್ಕೆ ಇರುವ ಉಚ್ಚಂಗಿದುರ್ಗದ ಗಿರಿಕೋಟೆಯಲ್ಲಿತ್ತು. ಇಂದು ಈ ದುರ್ಗವು ಹರಪನಹಳ್ಳಿ ತಾಲ್ಲೂಕಿಗೆ ಸೇರಿದೆ. 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು ಈಗ ವಿಜಯನಗರ ಜಿಲ್ಲೆಯ ಭಾಗವಾಗಿದೆ.

1177ರಲ್ಲಿ ಬಲ್ಲಾಳನು ಈ ಕೋಟೆಯನ್ನು ಮುತ್ತಿ ವಶಪಡಿಸಿಕೊಂಡನು. ಚೋಳ ಸೇನೆಯು ಹನ್ನೆರಡು ವರ್ಷ ಮುತ್ತಿಗೆ ಹಾಕಿ ನಿರಾಶೆಯಿಂದ ಹಿಂದಿರುಗಿದ ದುರ್ಗವನ್ನು ಬಲ್ಲಾಳನು ಸುಲಭವಾಗಿ ಗೆದ್ದನೆಂದು ಹೊಯ್ಸಳ ಶಾಸನಗಳು ವರ್ಣಿಸುತ್ತವೆ. ಈ ವರ್ಣನೆಯಲ್ಲಿ ಪ್ರಶಸ್ತಿಯ ಅತಿಶಯವಿದ್ದರೂ, ಕೋಟೆಯು ಎಷ್ಟು ದುರ್ಭೇದ್ಯವೆಂದು ಹೆಸರಾಗಿತ್ತು ಎಂಬುದು ಅದರಿಂದ ತಿಳಿಯುತ್ತದೆ. ಸೋತ ಪಾಂಡ್ಯ ಕಾಮದೇವನು ಶರಣು ಬಂದಾಗ ಬಲ್ಲಾಳನು ಅವನಿಗೆ ರಾಜ್ಯವನ್ನು ಹಿಂದಿರುಗಿಸಿ ತನ್ನ ಅಧೀನನನ್ನಾಗಿ ಮಾಡಿಕೊಂಡನು. ಗಿರಿದುರ್ಗಮಲ್ಲ ಮತ್ತು ಶನಿವಾರಸಿದ್ಧಿ ಎಂಬ ಬಿರುದುಗಳನ್ನು ಈ ವಿಜಯದೊಂದಿಗೆ ಸಂಬಂಧಿಸಿ ಹೇಳಲಾಗುತ್ತದೆ. ಉಚ್ಚಂಗಿಯು ಕೈಸೇರಿದ್ದರಿಂದ ತುಂಗಭದ್ರೆಯ ಕಡೆಗೆ ಮುನ್ನಡೆಯುವ ದಾರಿ ತೆರೆಯಿತು.

ಸ್ವಾತಂತ್ರ್ಯದ ಘೋಷಣೆ

1183–84ರ ವೇಳೆಗೆ ಕಳಚುರಿಗಳ ಪ್ರಾಬಲ್ಯ ಕೊನೆಗೊಂಡು ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ಮತ್ತೆ ಸಿಂಹಾಸನವೇರಿದನು. ಆದರೆ ಅವನ ಸಾಮ್ರಾಜ್ಯ ಒಳಗಿನಿಂದ ಶಿಥಿಲವಾಗಿತ್ತು. ಪೂರ್ವದಲ್ಲಿ ಓರುಗಲ್ಲಿನ ಕಾಕತೀಯರು, ಉತ್ತರದಲ್ಲಿ ಸೇವುಣರು, ದಕ್ಷಿಣದಲ್ಲಿ ಹೊಯ್ಸಳರು, ಹೀಗೆ ಚಾಲುಕ್ಯರ ಅಧೀನದಲ್ಲಿದ್ದ ಮೂರು ಮನೆತನಗಳು ತಂತಮ್ಮ ಪ್ರಾಂತ್ಯಗಳನ್ನು ಪ್ರತ್ಯೇಕ ರಾಜ್ಯಗಳನ್ನಾಗಿ ಬೆಳೆಸುತ್ತಿದ್ದವು.

ಬಲ್ಲಾಳನು ಚಾಲುಕ್ಯ ದಂಡನಾಯಕ ಬ್ರಹ್ಮನನ್ನು ಸೋಲಿಸಿದನು. ಬ್ರಹ್ಮನ ಗಜಬಲವನ್ನು ಹೊಯ್ಸಳರ ಅಶ್ವಸೈನ್ಯವು ಚದುರಿಸಿದುದನ್ನು ಶಾಸನಗಳು ವಿಶೇಷವಾಗಿ ಹೊಗಳುತ್ತವೆ. ಸೋಮೇಶ್ವರನ ಶಕ್ತಿ ಉಡುಗಿದ ಬಳಿಕ ಸೇವುಣ ಐದನೆಯ ಭಿಲ್ಲಮನು ಕಲ್ಯಾಣವನ್ನು ಹಿಡಿದನು. ಇದರಿಂದಾಗಿ ಅಳಿದ ಸಾಮ್ರಾಜ್ಯದ ಉತ್ತರಾಧಿಕಾರಕ್ಕಾಗಿ ಇಬ್ಬರು ಮಾಜಿ ಸಾಮಂತರು ಎದುರುಬದುರಾದರು. 1190–91ರಲ್ಲಿ ಇಂದಿನ ಗದಗ ಜಿಲ್ಲೆಯ ಸೊರಟೂರಿನಲ್ಲಿ ನಡೆದ ಕದನದಲ್ಲಿ ಬಲ್ಲಾಳನು ಭಿಲ್ಲಮನನ್ನು ಸೋಲಿಸಿದನು. ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಲಕ್ಕುಂಡಿಯಲ್ಲಿ, ಸೇವುಣರ ದಂಡನಾಯಕ ಜೈತ್ರಸಿಂಹನೂ ಸೋತನು. ಬ್ರಹ್ಮ ಮತ್ತು ಜೈತ್ರಸಿಂಹರ ಸೋಲನ್ನು ಗದಗದ ತ್ರಿಕೂಟೇಶ್ವರ ದೇವಾಲಯದ 1192ರ ಶಾಸನವು ದಾಖಲಿಸಿದೆ.

ಈ ವಿಜಯಗಳ ನಂತರ ಹೊಯ್ಸಳರ ಅಧಿಕಾರ ಮಲಪ್ರಭಾ ಮತ್ತು ಕೃಷ್ಣಾ ನದಿಗಳವರೆಗೆ ವಿಸ್ತರಿಸಿತು. ಲಕ್ಕುಂಡಿಯು ಬಲ್ಲಾಳನ ಮುಖ್ಯ ನೆಲೆವೀಡುಗಳಲ್ಲಿ ಒಂದಾಯಿತು. 1193ರ ಹೊತ್ತಿಗೆ ಆತನು ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ ಎಂಬ ಸಾರ್ವಭೌಮ ಬಿರುದುಗಳನ್ನು ಧರಿಸಿದನು. ಚಾಲುಕ್ಯ ಚಕ್ರವರ್ತಿಗಳು ಧರಿಸುತ್ತಿದ್ದ ಈ ಬಿರುದುಗಳು ಹೊಯ್ಸಳ ಅರಸನ ಹೆಸರಿಗೆ ಸೇರಿದ್ದರಿಂದ ಒಂದು ಪ್ರಾಂತ್ಯದ ಅಧೀನ ಚರಿತ್ರೆ ಮುಗಿದು ಸ್ವತಂತ್ರ ರಾಜ್ಯದ ಚರಿತ್ರೆ ಆರಂಭವಾಯಿತು.

ಉತ್ತರದ ಗಡಿ ಮತ್ತು ದಕ್ಷಿಣದ ರಾಜಕಾರಣ

ಸ್ವಾತಂತ್ರ್ಯವನ್ನು ಗಳಿಸಿದಷ್ಟು ಸುಲಭವಾಗಿ ಗೆದ್ದ ನೆಲವನ್ನೆಲ್ಲ ಉಳಿಸಿಕೊಳ್ಳಲು ಬಲ್ಲಾಳನಿಗೆ ಸಾಧ್ಯವಾಗಲಿಲ್ಲ. ಹದಿಮೂರನೆಯ ಶತಮಾನದ ಎರಡನೆಯ ದಶಕದಲ್ಲಿ ಸೇವುಣ ಸಿಂಘಣನು ದಕ್ಷಿಣಕ್ಕೆ ದಂಡೆತ್ತಿ ಬಂದು ತುಂಗಭದ್ರೆಯ ಉತ್ತರದ ಬಹುಭಾಗವನ್ನು ಕಿತ್ತುಕೊಂಡನು. ಇಂದಿನ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿರುವ ಬೆಳಗುತ್ತಿಯನ್ನು ಆಳುತ್ತಿದ್ದ ಸಿಂದರಂತಹ ಸಣ್ಣ ಮನೆತನಗಳು ಹೊಯ್ಸಳ ಮತ್ತು ಸೇವುಣರ ನಡುವೆ ಸಿಲುಕಿ, ಗೆದ್ದವರ ಪಕ್ಷವನ್ನು ಸೇರಬೇಕಾಯಿತು. ಹೀಗೆ ಹರಿಹರದ ಪರಿಸರವು ಎರಡು ರಾಜ್ಯಗಳ ಗಡಿನಾಡಾಗಿ ಮಾರ್ಪಟ್ಟಿತು.

ದಕ್ಷಿಣದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಮಧುರೆಯ ಮಾರವರ್ಮನ್ ಸುಂದರಪಾಂಡ್ಯನು ಚೋಳ ಮೂರನೆಯ ಕುಲೋತ್ತುಂಗನನ್ನು ಸೋಲಿಸಿ ರಾಜ್ಯಭ್ರಷ್ಟನನ್ನಾಗಿ ಮಾಡಿದಾಗ, ಬಲ್ಲಾಳನು ತನ್ನ ಮಗ ನರಸಿಂಹನ ನೇತೃತ್ವದಲ್ಲಿ ಸೈನ್ಯವನ್ನು ಕಳುಹಿಸಿ ಚೋಳನಿಗೆ ರಾಜ್ಯ ಮರಳಿ ದೊರೆಯುವಂತೆ ಮಾಡಿದನು. ಚೋಳರಾಜ್ಯ ಪ್ರತಿಷ್ಠಾಚಾರ್ಯ ಎಂಬ ಬಿರುದು ಈ ನೆರವಿನ ಕುರುಹು. ಒಂದು ಶತಮಾನದ ಹಿಂದೆ ತಲಕಾಡಿಗಾಗಿ ಚೋಳರೊಡನೆ ಕಾದಿದ್ದ ಹೊಯ್ಸಳರು ಈಗ ಅವರ ರಕ್ಷಕರಾಗಿದ್ದರು.

ಸಾಹಿತ್ಯ ಮತ್ತು ವಾಸ್ತುಶಿಲ್ಪ

ಬಲ್ಲಾಳನ ಆಸ್ಥಾನವು ಕನ್ನಡ ಸಾಹಿತ್ಯಕ್ಕೆ ಉದಾರ ಆಶ್ರಯ ನೀಡಿತು. 1209ರಲ್ಲಿ ಯಶೋಧರ ಚರಿತೆಯನ್ನು ರಚಿಸಿದ ಜನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ದೊರೆತುದು ಈತನಿಂದಲೇ. ಜಗನ್ನಾಥ ವಿಜಯವನ್ನು ಬರೆದ ರುದ್ರಭಟ್ಟನಿಗೆ ಮಂತ್ರಿ ಚಂದ್ರಮೌಳಿಯು ಆಶ್ರಯದಾತನಾಗಿದ್ದನು. ಶೈವನಾಗಿದ್ದ ಚಂದ್ರಮೌಳಿಯ ಪತ್ನಿ, ಜೈನ ಧರ್ಮೀಯಳಾದ ಆಚಲದೇವಿಯು 1181ರಲ್ಲಿ ಶ್ರವಣಬೆಳಗೊಳದ ಅಕ್ಕನ ಬಸದಿಯನ್ನು ಕಟ್ಟಿಸಿದಳು. ಆ ಕಾಲದ ಧಾರ್ಮಿಕ ಸಾಮರಸ್ಯಕ್ಕೆ ಇದು ಒಳ್ಳೆಯ ನಿದರ್ಶನ.

1196ರಲ್ಲಿ ಅಮೃತೇಶ್ವರ ದಂಡನಾಯಕನು ತರೀಕೆರೆ ಬಳಿಯ ಅಮೃತಾಪುರದಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ, ಬೆಳವಾಡಿಯ ವೀರನಾರಾಯಣ ದೇವಾಲಯ, ಹಳೇಬೀಡಿನ ಕೇದಾರೇಶ್ವರ ದೇವಾಲಯ ಇವು ಈ ಕಾಲದ ಪ್ರಮುಖ ನಿರ್ಮಾಣಗಳು. ಕೇದಾರೇಶ್ವರ ದೇವಾಲಯದ ನಿರ್ಮಾಣದಲ್ಲಿ ರಾಣಿ ಕೇತಲದೇವಿಯ ಹೆಸರೂ ಸೇರಿದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಆವರಣದಲ್ಲಿರುವ ವಾಸುದೇವತೀರ್ಥ ಎಂಬ ಕೊಳವೂ ಬಲ್ಲಾಳನ ಕಾಲದ್ದು.

ಮರಣ

1220ರಲ್ಲಿ ಬಲ್ಲಾಳನು ಮರಣಹೊಂದಿದನು. ಆತನ ಮಂತ್ರಿಯೂ ದಂಡನಾಯಕನೂ ಆಗಿದ್ದ ಕುವರಲಕ್ಷ್ಮನು, ಒಡೆಯನೊಡನೆಯೇ ಪ್ರಾಣಬಿಡುವ ವ್ರತ ತೊಟ್ಟ ಗರುಡರ ಸಂಪ್ರದಾಯಕ್ಕೆ ಸೇರಿದವನು. ಪತ್ನಿ ಸುಗ್ಗಲದೇವಿ ಹಾಗೂ ತನ್ನ ವೀರರೊಡನೆ ಆತನು ಆತ್ಮಾರ್ಪಣೆ ಮಾಡಿಕೊಂಡನು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಸ್ತಂಭವೊಂದರಲ್ಲಿ ಈ ಪ್ರಸಂಗವನ್ನು ಶಾಸನ ಹಾಗೂ ಶಿಲ್ಪಗಳ ಮೂಲಕ ದಾಖಲಿಸಲಾಗಿದೆ. ಅರಸನ ಮೇಲಿನ ನಿಷ್ಠೆಯೇ ರಾಜ್ಯದ ಆಧಾರವಾಗಿದ್ದ ಕಾಲದ ಮೌಲ್ಯವನ್ನೂ, ಅದು ಬೇಡುತ್ತಿದ್ದ ಬೆಲೆಯನ್ನೂ ಈ ಕಂಬ ಒಟ್ಟಿಗೆ ತಿಳಿಸುತ್ತದೆ.

ಬಲ್ಲಾಳನ ನಂತರ ರಾಣಿ ಪದ್ಮಲದೇವಿಯ ಮಗ ಇಮ್ಮಡಿ ನರಸಿಂಹನು ಪಟ್ಟಕ್ಕೆ ಬಂದನು.

ಐತಿಹ್ಯ

ಬೆಂಗಳೂರಿನ ಹೆಸರಿನ ಬಗ್ಗೆ ಪ್ರಚಲಿತವಿರುವ ಕಥೆಯೊಂದು ವೀರಬಲ್ಲಾಳನನ್ನು ಕುರಿತದ್ದು. ಬೇಟೆಯಲ್ಲಿ ದಾರಿ ತಪ್ಪಿ ಹಸಿದಿದ್ದ ಅರಸನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳನ್ನು ಕೊಟ್ಟಳೆಂದೂ, ಅದರಿಂದ ಆ ಸ್ಥಳಕ್ಕೆ ಬೆಂದಕಾಳೂರು ಎಂಬ ಹೆಸರು ಬಂದಿತೆಂದೂ ಹೇಳುತ್ತಾರೆ. ಆದರೆ ಬಲ್ಲಾಳನಿಗಿಂತ ಸುಮಾರು ಮೂರು ಶತಮಾನಗಳ ಹಿಂದಿನ, ಗಂಗರ ಕಾಲದ ಬೇಗೂರು ವೀರಗಲ್ಲಿನಲ್ಲೇ ಬೆಂಗಳೂರು ಎಂಬ ಹೆಸರಿದೆ. ಆದ್ದರಿಂದ ಇದನ್ನು ಜನಪದ ಐತಿಹ್ಯವೆಂದು ಮಾತ್ರ ಪರಿಗಣಿಸಬೇಕು.

ಪರಂಪರೆ

ಬಲ್ಲಾಳನು ಸ್ಥಾಪಿಸಿದ ಸ್ವತಂತ್ರ ರಾಜ್ಯವು ಮುಮ್ಮಡಿ ಬಲ್ಲಾಳನು ಮಡಿದ 1343ರವರೆಗೆ, ಸುಮಾರು ಒಂದೂವರೆ ಶತಮಾನ ಬಾಳಿತು. ನರಸಿಂಹನ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ದಂಡನಾಯಕನು ತುಂಗಭದ್ರಾ ತೀರದ ಹರಿಹರದಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಶಿವ ಮತ್ತು ವಿಷ್ಣು ಒಂದೇ ವಿಗ್ರಹದಲ್ಲಿ ಕೂಡಿರುವ ಈ ದೇವಾಲಯವು ಬಲ್ಲಾಳನು ಗೆದ್ದ ಉತ್ತರದ ಸೀಮೆಯಲ್ಲಿ ಹೊಯ್ಸಳರ ಅತಿ ಮುಖ್ಯ ಕುರುಹಾಗಿ ಉಳಿದಿದೆ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರ್ಪಡೆಯಾದವು.